ಅಳಿದುದೂ ಅಳಿಸಿದುದೂ

ಅಳಿ, ಅಳಿಸು ಎಂಬೆರಡು ಮಾತುಗಳು ಕನ್ನಡದಲ್ಲಿ ಒಂದೇ ಬೇರಿನಿಂದ ಹೊರಟವು. ಮೊದಲನೆಯದು ತಾನಾಗಿ ಆದುದನ್ನು ಹೇಳುತ್ತದೆ. ಎರಡನೆಯದು ಒಬ್ಬರು ಮಾಡಿದುದನ್ನು ಹೇಳುತ್ತದೆ. ಬಾಗಿಲ ಮುಂದಣ ರಂಗವಲ್ಲಿಯು ಮಳೆ ಬಂದಾಗ ಅಳಿಯುತ್ತದೆ. ಮಳೆಯಿಲ್ಲದ ದಿನ ಅದನ್ನೇ ಮನೆಯ ಹೆಣ್ಣುಮಗಳು ಮರುಬೆಳಗ್ಗೆ ನೀರೆರಚಿ ಅಳಿಸುತ್ತಾಳೆ. ಅಂಗಳದಲ್ಲಿ ಕೊನೆಗೆ ಉಳಿಯುವ ತೇವವು ಎರಡು ಸಲವೂ ಒಂದೇ. ಆದರೂ ಇವೆರಡನ್ನೂ ಒಂದೆಂದು ಹೇಳುವವನು ರಂಗವಲ್ಲಿಯನ್ನು ನೋಡಿದವನಲ್ಲ, ಕನ್ನಡವನ್ನು ಬಲ್ಲವನೂ ಅಲ್ಲ.

ಈ ಎರಡರ ನಡುವೆ ಮೂರನೆಯದೊಂದು ಉಂಟು. ಕೈ ಮಾಡಿತು, ಮನಸ್ಸು ಮಾಡಲಿಲ್ಲ ಎಂಬ ಸ್ಥಿತಿ ಅದು. ಹೊಸ್ತಿಲು ದಾಟುವಾಗ ಕಾಣದೆ ರಂಗವಲ್ಲಿಯನ್ನು ತುಳಿದವನು ಅದನ್ನು ಅಳಿಸಿದನೆ, ಅಥವಾ ಅದು ಅಳಿಯಿತೆ? ವ್ಯಾಕರಣವು ಇದಕ್ಕೆ ಬೇರೊಂದು ಧಾತುವನ್ನು ಒದಗಿಸಿಲ್ಲ. ಧರ್ಮಶಾಸ್ತ್ರವು ಮಾತ್ರ ಬುದ್ಧಿಪೂರ್ವಕವಾದುದು, ಅಬುದ್ಧಿಪೂರ್ವಕವಾದುದು ಎಂದು ಬಹುಕಾಲದಿಂದ ವಿಂಗಡಿಸಿಕೊಂಡು ಬಂದಿದೆ. ಪ್ರಾಯಶ್ಚಿತ್ತದ ಅಳತೆಯನ್ನು ಆ ವಿಂಗಡಣೆಯ ಮೇಲೆಯೇ ಗೊತ್ತುಮಾಡಿದೆ. ಹಳೆಯ ಕಾಲದ ಸೂಕ್ಷ್ಮವೆಂದು ತಳ್ಳಿಬಿಡಬಹುದಾದ ಈ ಭೇದವು ಇಂದು ಸಾಮಾನ್ಯ ಗೃಹಸ್ಥರ ಮನೆಯ ಮೂಲೆಯಲ್ಲಿ, ಕಂಪ್ಯೂಟರೆಂಬ ಯಂತ್ರದ ಮುಂದೆ, ಮತ್ತೆ ಬೇಕಾಗಿ ಬಂದಿದೆ.

ಮನೆಯ ಕಂಪ್ಯೂಟರಿನಲ್ಲಿ ಈಗ ಏನಿಲ್ಲ? ಮಗಳ ಮದುವೆಯ ಚಿತ್ರಗಳು, ತೀರಿಕೊಂಡ ತಾಯಿಯು ಹಬ್ಬದ ದಿನ ಹಾಡಿದ ಹಾಡಿನ ಧ್ವನಿ, ಹತ್ತು ವರ್ಷದ ಮನೆಲೆಕ್ಕ, ತೆರಿಗೆಯ ಪತ್ರಗಳು, ನಿವೃತ್ತನಾದ ಉಪಾಧ್ಯಾಯನು ಅರ್ಧ ಬರೆದು ನಿಲ್ಲಿಸಿದ ಊರಿನ ಚರಿತ್ರೆ—ಹಿಂದೆ ಪೆಟ್ಟಿಗೆ, ಅಟ್ಟ, ಗೋಡೆಯ ಗೂಡು, ದೇವರ ಮನೆಯ ಹಲಗೆ ಎಂದು ಹತ್ತು ಕಡೆ ಹಂಚಿಹೋಗಿದ್ದುದೆಲ್ಲ ಅಂಗೈಯಗಲದ ಒಂದು ಡಿಸ್ಕಿನಲ್ಲಿ ಬಂದು ಸೇರಿದೆ. ಜಾಗ ಸಾಲದೆ ಬಂದ ದಿನ ಯಜಮಾನನು ಬೇಡದುದನ್ನು ತೆಗೆಯಲು ಕುಳಿತುಕೊಳ್ಳುತ್ತಾನೆ. ಒಂದೇ ಹೆಸರಿನ ಎರಡು ಫೋಲ್ಡರುಗಳು ಕಾಣುತ್ತವೆ. ಒಂದು ಮೂಲ, ಒಂದು ಹಳೆಯ ನಕಲು. ಯಂತ್ರವು ‘ನಿಶ್ಚಯವೆ?’ ಎಂದು ಕೇಳುತ್ತದೆ. ದಿನಕ್ಕೆ ಹತ್ತು ಸಲ ಕೇಳುವ ಪ್ರಶ್ನೆಗೆ ಯಾರೂ ಯೋಚಿಸಿ ಉತ್ತರ ಕೊಡುವುದಿಲ್ಲ. ಬೆರಳು ತಾನೇ ‘ಹೌದು’ ಎನ್ನುತ್ತದೆ. ಅನಂತರ ಯಂತ್ರದ ಕಸದ ಬುಟ್ಟಿಯನ್ನೂ ಬರಿದು ಮಾಡಿ ಅವನು ಎದ್ದುಹೋಗುತ್ತಾನೆ. ಉಳಿದುದು ನಕಲೆಂದೂ, ಅದೂ ಅರ್ಧದ್ದೆಂದೂ ತಿಳಿಯುವುದು ಸಂಜೆಗೆ.

ಆಗ ಹೋದುದೇನು? ಇದು ತತ್ತ್ವದ ಪ್ರಶ್ನೆಯೂ ಹೌದು, ಯಂತ್ರದ ಪ್ರಶ್ನೆಯೂ ಹೌದು. ಯಂತ್ರದ ಉತ್ತರವನ್ನು ಮೊದಲು ಕೇಳುವುದು ಒಳ್ಳೆಯದು. ಡಿಸ್ಕಿನಲ್ಲಿ ಕಡತವೊಂದನ್ನು ಇಡುವಾಗ ಅದರ ಒಡಲನ್ನು ಸಣ್ಣ ಸಣ್ಣ ಮನೆಗಳಲ್ಲಿ ತುಂಬಿ, ಅದರ ಹೆಸರು, ಅಳತೆ, ತಾರೀಖು, ಅದು ಯಾವ ಮನೆಯಿಂದ ಮೊದಲಾಗುತ್ತದೆ ಎಂಬ ವಿವರ, ಇವುಗಳನ್ನು ಬೇರೊಂದು ಪಟ್ಟಿಯಲ್ಲಿ ಬರೆದಿಡುವುದು ಕ್ರಮ. ಅಳಿಸೆಂದು ಅಪ್ಪಣೆ ಬಂದಾಗ ಯಂತ್ರವು ಒಡಲಿನ ಗೊಡವೆಗೆ ಹೋಗುವುದಿಲ್ಲ. ಪಟ್ಟಿಯಲ್ಲಿ ಒಂದು ಗುರುತು ಮಾಡಿ ಸುಮ್ಮನಾಗುತ್ತದೆ. ೧೯೮೧ರಲ್ಲಿ ಬಂದ ಎಂ. ಎಸ್. ಡಾಸ್ ಎಂಬ ವ್ಯವಸ್ಥೆಯಲ್ಲಿ ಆ ಗುರುತು ಹೀಗಿತ್ತು: ಕಡತದ ಹೆಸರಿನ ಮೊದಲನೆಯ ಅಕ್ಷರವನ್ನು ತೆಗೆದು ಅದರ ಸ್ಥಾನದಲ್ಲಿ ೨೨೯ ಎಂಬ ಸಂಖ್ಯೆಯನ್ನು ಇಡುವುದು, ಅದು ಕುಳಿತಿದ್ದ ಮನೆಗಳು ಖಾಲಿಯಾದುವೆಂದು ಇನ್ನೊಂದು ಪಟ್ಟಿಯಲ್ಲಿ ಬರೆಯುವುದು. ಇಷ್ಟೇ. ಹೆಸರಿನ ಉಳಿದ ಅಕ್ಷರಗಳೂ ತಾರೀಖೂ ಅಳತೆಯೂ ಇದ್ದಂತೆಯೇ ಇರುತ್ತಿದ್ದುವು. ಒಡಲಂತೂ ಇದ್ದಲ್ಲಿಯೇ ಇರುತ್ತಿತ್ತು. ಈಚಿನ ವಿಂಡೋಸಿನ ಏರ್ಪಾಡಿನಲ್ಲಿ ವಿವರ ಬೇರೆ, ತತ್ತ್ವ ಅದೇ. ಇದನ್ನು ಯಂತ್ರದ ಸೋಮಾರಿತನವೆಂದು ಹೀಗಳೆಯಬಾರದು, ಮಿತವ್ಯಯವೆನ್ನಬೇಕು. ದೊಡ್ಡದೊಂದು ಚಲಚ್ಚಿತ್ರವನ್ನು ನಿಜವಾಗಿ ಒರಸಬೇಕಾದರೆ ಅದನ್ನು ಬರೆಯಲು ಹಿಡಿದಷ್ಟೇ ಹೊತ್ತು ಹಿಡಿಯುತ್ತದೆ. ಗುರುತು ಮಾಡಲು ಕಣ್ಣೆವೆ ಮುಚ್ಚುವಷ್ಟು ಹೊತ್ತೂ ಬೇಡ.

ಹಿಂದಿನ ಕಾಲದ ಶಾನುಭೋಗನ ಖಾತೆಯನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಖಾತೆಯಲ್ಲಿ ರೈತನ ಹೆಸರಿಗೆ ಗೀಟು ಹೊಡೆದ ಮಾತ್ರಕ್ಕೆ ಹೊಲದ ರಾಗಿ ಒಣಗುತ್ತಿರಲಿಲ್ಲ. ಪೈರು ನಿಂತೇ ಇರುತ್ತಿತ್ತು. ಅದನ್ನು ತನ್ನದೆಂದು ತೋರಿಸಬಲ್ಲವನು ಮಾತ್ರ ಇರುತ್ತಿರಲಿಲ್ಲ. ಆ ಹೊಲವನ್ನು ಮತ್ತೊಬ್ಬನಿಗೆ ಬರೆದುಕೊಟ್ಟು, ಅವನು ಬಂದು ನೇಗಿಲು ಹೂಡಿದ ದಿನವೇ ಮೊದಲಿನ ಬೆಳೆಯು ನಿಜವಾಗಿ ಇಲ್ಲವಾಗುತ್ತಿದ್ದುದು. ಕಂಪ್ಯೂಟರಿನಲ್ಲಿ ಆ ನೇಗಿಲೆಂದರೆ ಹೊಸ ಬರಹ.

ಸಾಂಖ್ಯರಿಗೂ ನೈಯಾಯಿಕರಿಗೂ ನಡೆದ ಹಳೆಯ ವಾದವೊಂದು ಇಲ್ಲಿ ನೆನಪಿಗೆ ಬರದೆ ಇರದು. ಸಾಂಖ್ಯರ ಮತದಲ್ಲಿ ಇರುವುದು ಎಂದೂ ಇಲ್ಲದಂತಾಗುವುದಿಲ್ಲ. ನಾಶವೆಂದರೆ ಕಾರ್ಯವು ತನ್ನ ಕಾರಣದಲ್ಲಿ ಮರೆಯಾಗುವುದು, ಅಂದರೆ ತಿರೋಭಾವ. ಒಡೆದ ಮಡಕೆಯು ಮಣ್ಣಿನಲ್ಲಿ ಅಡಗಿತು. ನ್ಯಾಯ ವೈಶೇಷಿಕರು ಇದನ್ನು ಒಪ್ಪುವುದಿಲ್ಲ. ಅವರು ಎಣಿಸುವ ಅಭಾವಗಳಲ್ಲಿ ಪ್ರಧ್ವಂಸಾಭಾವವೆಂಬುದು ಒಂದು; ಅದಕ್ಕೆ ಆದಿಯುಂಟು, ಅಂತ್ಯವಿಲ್ಲ. ಮಡಕೆ ಒಡೆದ ಗಳಿಗೆಯಲ್ಲಿ ಆ ಇಲ್ಲದಿರುವಿಕೆಯು ಹುಟ್ಟಿತು. ಇನ್ನು ಅದು ಮುಗಿಯುವಂತಿಲ್ಲ. ಅದೇ ಮಣ್ಣಿನಿಂದ ಮತ್ತೆ ಮಾಡಿದ ಮಡಕೆಯು ಬೇರೆ ಮಡಕೆ. ತಿರುಗುವ ಹಳೆಯ ಬಗೆಯ ಡಿಸ್ಕು ಸಾಂಖ್ಯರ ಪಕ್ಷವನ್ನು ಹಿಡಿದಿರುವಂತೆ ತೋರುತ್ತದೆ. ಅಳಿಸಿದ ಚಿತ್ರವು ಅಲ್ಲಿ ತಿರೋಹಿತವಾಗಿದೆ, ಅಷ್ಟೆ. ಹೊಸ ಬರಹವು ಅದರ ಮೇಲೆ ಬಿದ್ದಾಗ ಮಾತ್ರ ನೈಯಾಯಿಕನಿಗೆ ಜಯ. ಒಮ್ಮೆ ಮೇಲೆ ಬರೆದರೂ ಕೆಳಗಿನ ಛಾಯೆ ಉಳಿದೀತೆಂಬ ಶಂಕೆಯಿಂದ ೧೯೯೬ರಲ್ಲಿ ಪೀಟರ್ ಗುಟ್‌ಮನ್ ಎಂಬವರು ೩೫ ಸಲ ಬಗೆಬಗೆಯಾಗಿ ಮೇಲೆ ಬರೆಯುವ ಒಂದು ಕ್ರಮವನ್ನು ಸೂಚಿಸಿದರು. ಹೊಸ ಡಿಸ್ಕುಗಳಿಗೆ ಅಷ್ಟೆಲ್ಲ ಬೇಡವೆಂದು ಅನಂತರ ಅವರೇ ಹೇಳಿದರು. ಎಸ್. ಎಸ್. ಡಿ. ಎಂಬ ಹೊಸ ಸಂಗ್ರಹವು ಬಂದ ಮೇಲೆ ವಾದವು ಪೂರ್ತಿಯಾಗಿ ಇನ್ನೊಂದು ಕಡೆಗೆ ವಾಲಿತು. ಅದರಲ್ಲಿ ಬರೆಯುವ ಮುನ್ನ ಜಾಗವನ್ನು ಒರಸಿಯೇ ತೀರಬೇಕು. ಆದುದರಿಂದ ಯಾವ ಮನೆಗಳು ಬೇಡವಾದುವೆಂದು ಸಂಗ್ರಹಕ್ಕೆ ಮೊದಲೇ ತಿಳಿಸುವ ಟ್ರಿಮ್ ಎಂಬ ಅಪ್ಪಣೆಯನ್ನು ಏರ್ಪಡಿಸಿದರು. ೨೦೦೯ರ ವಿಂಡೋಸ್ ೭ ಇದನ್ನು ಬಲ್ಲುದಾಗಿತ್ತು. ಅಪ್ಪಣೆ ಮುಟ್ಟಿದ ಬಳಿಕ ಸಂಗ್ರಹವು ಬಿಡುವಾದಾಗ ತಾನೇ ಒರಸಿಬಿಡುತ್ತದೆ. ಯಜಮಾನನು ಅಯ್ಯೋ ಎನ್ನುವ ಹೊತ್ತಿಗೆ ತಿರೋಭಾವವು ಪ್ರಧ್ವಂಸವಾಗಿರುತ್ತದೆ.

ಹಳೆಯ ಡಿಸ್ಕಿನ ಮನೆಯಲ್ಲಿಯಾದರೂ ಆಸೆ ಉಂಟಷ್ಟೆ. ಆದರೆ ಆ ಆಸೆಯನ್ನು ಉಳಿಸಿಕೊಳ್ಳುವ ಬಗೆಯು ಮನುಷ್ಯ ಸ್ವಭಾವಕ್ಕೆ ವಿರುದ್ಧವಾದುದು. ಬಾವಿಗೆ ಕೊಡ ಬಿದ್ದಾಗ ತಿಳಿದವರು ಪಾತಾಳಗರಡಿಯನ್ನು ತರಲು ಆಳನ್ನು ಅಟ್ಟುವ ಮೊದಲೇ ನೀರು ಸೇದುತ್ತಿದ್ದವರನ್ನು ತಡೆದು ನಿಲ್ಲಿಸುತ್ತಾರೆ. ಕದಡಿದ ನೀರಿನಲ್ಲಿ ಕೊಡ ಎಲ್ಲಿ ಕುಳಿತಿದೆಯೆಂದು ಕಾಣದು. ಕಂಪ್ಯೂಟರಿನ ವಿಷಯದಲ್ಲಿ ಈ ನಿಯಮವು ಇನ್ನೂ ಕಠಿನವಾಗುತ್ತದೆ. ಯಂತ್ರವು ಸುಮ್ಮನೆ ಚಾಲೂ ಇದ್ದರೂ ಒಳಗೆ ಏನನ್ನಾದರೂ ಬರೆದುಕೊಳ್ಳುತ್ತಲೇ ಇರುತ್ತದೆ. ಅದನ್ನು ನಿಲ್ಲಿಸಿ, ಡಿಸ್ಕನ್ನು ಬಿಚ್ಚಿ, ಬೇರೊಂದು ಯಂತ್ರಕ್ಕೆ ಸೇರಿಸಿ, ಅದರಿಂದ ಓದುವುದನ್ನು ಮಾತ್ರ ಮಾಡಿ, ಸಿಕ್ಕಿದುದನ್ನು ಮತ್ತೊಂದು ಡಿಸ್ಕಿನಲ್ಲಿ ಇಡಬೇಕೆಂದು ಬಲ್ಲವರು ಹೇಳುತ್ತಾರೆ. ಕಳೆದುಕೊಂಡವನಿಗೆ ಅಷ್ಟು ತಾಳ್ಮೆ ಎಲ್ಲಿಯದು? ಏನಾದರೂ ಮಾಡು, ಈಗಲೇ ಮಾಡು ಎಂದು ಮನಸ್ಸು ಅವನನ್ನು ತಿವಿಯುತ್ತದೆ. ಕಳೆದುದನ್ನು ತಂದುಕೊಡುವ ತಂತ್ರಾಂಶವೊಂದನ್ನು ಅವನು ಇಂಟರ್ನೆಟ್ಟಿನಿಂದ ಅದೇ ಡಿಸ್ಕಿಗೆ ಇಳಿಸಿಕೊಳ್ಳುತ್ತಾನೆ. ಬಂದ ತಂತ್ರಾಂಶಕ್ಕೂ ಕುಳಿತುಕೊಳ್ಳಲು ಖಾಲಿ ಮನೆ ಬೇಕು. ಖಾಲಿಯೆಂದು ಪಟ್ಟಿಯು ತೋರಿಸಿದ್ದು ತಾಯಿಯ ಹಾಡಿದ್ದ ಮನೆಯನ್ನೇ ಆಗಿರಬಹುದು. ಕತ್ತಲೆಯಲ್ಲಿ ಮಗುವನ್ನು ಎತ್ತಿಕೊಳ್ಳಲು ಓಡಿಬಂದವನು ಮಗುವನ್ನೇ ತುಳಿದಂತೆ ಆಗುತ್ತದೆ.

ಈ ಆತುರದ ಒಳಗೆ ಏನಿದೆಯೆಂದು ಕೊಂಚ ನಿಂತು ನೋಡುವುದು ಉಚಿತ. ತಪ್ಪು ಮಾಡಿದವನಿಗೆ ಎರಡು ಬಯಕೆಗಳು ಏಕಕಾಲಕ್ಕೆ ಇರುತ್ತವೆ. ಹೋದ ವಸ್ತುವು ಮರಳಿ ಬರಬೇಕೆಂಬುದು ಒಂದು. ತಾನು ತಪ್ಪಿದವನೆಂಬ ಭಾರವು ತನ್ನ ಮೇಲಿನಿಂದ ಇಳಿಯಬೇಕೆಂಬುದು ಇನ್ನೊಂದು. ಹೊರಗಿನಿಂದ ನೋಡುವವರಿಗೆ ಇವೆರಡೂ ಒಂದೇ ಆಗಿ ಕಾಣುತ್ತವೆ, ಅವನಿಗೂ ಹಾಗೆಯೇ ಕಾಣುತ್ತವೆ. ಆದರೆ ಮೊದಲನೆಯ ಬಯಕೆಯು ಕೈಕಟ್ಟಿ ಕೂರೆನ್ನುತ್ತದೆ, ಎರಡನೆಯದು ಕೂರಗೊಡುವುದಿಲ್ಲ. ಮನೆಯವರಿಗೆ ತಿಳಿಯುವ ಮೊದಲೇ ಸರಿಪಡಿಸಿಬಿಡಬೇಕೆಂದು ರಾತ್ರಿಯೆಲ್ಲ ಕುಳಿತು ಅದನ್ನೂ ಇದನ್ನೂ ಒತ್ತುವವನು ಹೆಚ್ಚಿನ ಸಲ ಈ ಎರಡನೆಯ ಬಯಕೆಯ ಆಳು. ತಪ್ಪನ್ನು ಕೂಡಲೆ ಬಾಯಿಬಿಟ್ಟು ಹೇಳಿದವನ ಮನೆಯಲ್ಲಿ ಚಿತ್ರಗಳು ಉಳಿಯುವ ಸಂಭವವು ಹೆಚ್ಚು. ಮುಚ್ಚಿಡಲು ಹೊರಟವನ ಮನೆಯಲ್ಲಿ ಕಡಮೆ. ಯಂತ್ರಶಾಸ್ತ್ರವೂ ನೀತಿಶಾಸ್ತ್ರವೂ ಇಷ್ಟು ಹತ್ತಿರ ಬಂದು ನಿಲ್ಲುವ ಪ್ರಸಂಗಗಳು ಬಹಳವಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ೧೯೯೮ರಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ವಿಸ್ತಾರವಾಗಿಯೇ ಹೇಳಬೇಕು. ಪಿಕ್ಸಾರ್ ಎಂಬ ಸಂಸ್ಥೆಯು ಆಗ ಟಾಯ್ ಸ್ಟೋರಿ ೨ ಎಂಬ ಚಿತ್ರವನ್ನು ಕಂಪ್ಯೂಟರಿನಲ್ಲಿ ರಚಿಸುತ್ತಿತ್ತು. ಒಂದು ದಿನ ಯಾರೋ ಒಬ್ಬರು, ಎಲ್ಲಿ ಕೊಡುತ್ತಿದ್ದಾರೆಂಬುದನ್ನು ಗಮನಿಸದೆ, ಅಳಿಸುವ ಅಪ್ಪಣೆಯನ್ನು ಕೊಟ್ಟರು. ಆರೆನ್ ಜೇಕಬ್ ಎಂಬ ತಂತ್ರಜ್ಞರು ತಮ್ಮ ಪರದೆಯ ಮುಂದೆ ಕುಳಿತು ನೋಡುತ್ತಿದ್ದಂತೆಯೇ ವುಡಿ ಎಂಬ ಮುಖ್ಯ ಪಾತ್ರದ ಕಡತಗಳು ಒಂದೊಂದಾಗಿ ಮಾಯವಾಗತೊಡಗಿದುವು. ಅವರು ದೂರವಾಣಿಯಲ್ಲಿ ಕೂಗಿ ಹೇಳಿದುದು ಒಂದೇ ಮಾತು: ಯಂತ್ರದ ವಿದ್ಯುತ್ತಿನ ತಂತಿಯನ್ನು ಕೀಳಿರಿ ಎಂದು. ಮೇಲೆ ಹೇಳಿದ ನಿಯಮವನ್ನು ಇದಕ್ಕಿಂತ ಚೆನ್ನಾಗಿ ಆಚರಿಸಿದವರುಂಟೆ? ಆದರೂ ಆ ವೇಳೆಗೆ ಚಿತ್ರದ ಬಹುಭಾಗವು ಹೋಗಿತ್ತು. ಕಾಪಿಟ್ಟ ಪ್ರತಿಗಳನ್ನು ನೋಡಿದರೆ, ಅವೂ ಸರಿಯಾಗಿರಲಿಲ್ಲ. ಕಾಪಿಡುವ ಏರ್ಪಾಡು ಕೆಲಕಾಲದಿಂದ ಕೆಟ್ಟುನಿಂತಿದ್ದುದು ಯಾರಿಗೂ ತಿಳಿದಿರಲಿಲ್ಲ. ಎಲ್ಲರೂ ಕೈಚೆಲ್ಲಿ ಕುಳಿತಿದ್ದಾಗ, ಚಿತ್ರದ ತಾಂತ್ರಿಕ ಮೇಲ್ವಿಚಾರಕಿಯಾಗಿದ್ದ ಗ್ಯಾಲಿನ್ ಸುಸ್ಮನ್ ಎಂಬವರಿಗೆ ತಮ್ಮ ಮನೆಯ ಕಂಪ್ಯೂಟರು ನೆನಪಾಯಿತು. ಅವರು ಹೆರಿಗೆಯಾದ ಬಳಿಕ ಕೂಸಿನ ಬಳಿಯಿದ್ದುಕೊಂಡು ಮನೆಯಿಂದಲೇ ಕೆಲಸಮಾಡುತ್ತಿದ್ದರು. ಆ ಕಾರಣದಿಂದ ಚಿತ್ರದ ಒಂದು ಪ್ರತಿಯು ಕೆಲವು ದಿನ ಹಳೆಯದಾದರೂ ಅಲ್ಲಿತ್ತು. ಹೋಗಿ, ಆ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ, ಕಾರಿನ ಹಿಂದಣ ಪೀಠದಲ್ಲಿ ಪಟ್ಟಿಯಿಂದ ಬಿಗಿದು, ಮೆಲ್ಲಗೆ ನಡೆಸಿಕೊಂಡು ತಂದರು. ಕೂಸಿನಿಂದಾಗಿ ಮನೆಗೆ ಬಂದ ಪ್ರತಿಯು ಕೂಸಿನಂತೆಯೇ ಸಂಸ್ಥೆಗೆ ಮರಳಿತು.

ತಪ್ಪು ಅಪ್ಪಣೆಯನ್ನು ಕೊಟ್ಟವರು ಯಾರೆಂದು ಹುಡುಕಿ ದಂಡಿಸುವುದರಲ್ಲಿ ಸಂಸ್ಥೆಯು ಕಾಲ ಕಳೆಯಲಿಲ್ಲವೆಂದು ಅದರ ಮುಖ್ಯರಲ್ಲೊಬ್ಬರಾಗಿದ್ದ ಎಡ್ ಕ್ಯಾಟ್‌ಮುಲ್ ೨೦೧೪ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಇದು ಔದಾರ್ಯವೂ ಹೌದು, ವಿವೇಕವೂ ಹೌದು.

ಇಷ್ಟನ್ನು ಹೇಳಿ ಕಥೆಯನ್ನು ನಿಲ್ಲಿಸುವವರೇ ಹೆಚ್ಚು. ಅದರ ಉತ್ತರಭಾಗದಲ್ಲಿ ಇನ್ನೂ ದೊಡ್ಡ ವಿಷಯವಿದೆ. ಅಷ್ಟು ಜತನದಿಂದ ಮರಳಿ ತಂದ ಚಿತ್ರವು ಚೆನ್ನಾಗಿಲ್ಲವೆಂದು ಆ ಸಂಸ್ಥೆಯವರೇ ತೀರ್ಮಾನಿಸಿದರು. ಕಥೆಯ ಬಹುಭಾಗವನ್ನು ಕೈಬಿಟ್ಟು, ಸುಮಾರು ಒಂಬತ್ತು ತಿಂಗಳ ಅವಧಿಯಲ್ಲಿ ಹೊಸದಾಗಿ ಕಟ್ಟಿ, ೧೯೯೯ರ ನವೆಂಬರಿನಲ್ಲಿ ಜನರ ಮುಂದೆ ಇಟ್ಟರು. ಕೈತಪ್ಪಿ ಹೋದಾಗ ತಂತಿಯನ್ನು ಕಿತ್ತು, ಕಂಬಳಿಯಲ್ಲಿ ಸುತ್ತಿ ಕಾಪಾಡಿದುದನ್ನೇ ಮನಸಾರೆ ಬಿಟ್ಟುಕೊಟ್ಟರು. ಹಾಗಾದರೆ ಮೊದಲು ಪಟ್ಟ ಪಾಡು ವ್ಯರ್ಥವಾಯಿತೆ? ಲೆಕ್ಕಿಗನು ಹೌದೆನ್ನಬಹುದು. ಆದರೆ ಕಳೆದುಕೊಂಡವನು ಬಿಟ್ಟವನಲ್ಲ. ಜೇಬುಗಳ್ಳನು ಹಾರಿಸಿದ ಹಣವನ್ನು ದಾನವೆಂದು ಯಾರೂ ಬರೆದುಕೊಳ್ಳುವುದಿಲ್ಲ. ಬಿಡಬೇಕಾದರೆ ವಸ್ತುವು ಮೊದಲು ಕೈಯಲ್ಲಿರಬೇಕು. ಮರಳಿ ತಂದುದರಿಂದಲೇ ಅವರಿಗೆ ಅದನ್ನು ಬೇಡವೆನ್ನುವ ಅಧಿಕಾರವು ಮರಳಿ ಬಂತು.

ಹೀಗೆಂದಮೇಲೆ ಒಂದು ತೊಡಕು ಎದುರಾಗುತ್ತದೆ. ಅಳಿಸಿದುದನ್ನು ಮರಳಿ ತರುವ ವಿದ್ಯೆಯು ಅಧಿಕಾರವನ್ನು ಕೊಡುವಂತೆಯೇ ಕಿತ್ತುಕೊಳ್ಳಲೂ ಬಲ್ಲುದು. ಡಿಸ್ಕಿನ ಪಟ್ಟಿಯಲ್ಲಿ ಯಂತ್ರವು ಮಾಡುವ ಗುರುತು ಒ೦ದೇ. ಕೈತಪ್ಪಿ ಅಳಿಸಿದುದಕ್ಕೂ, ನೂರು ಸಲ ಯೋಚಿಸಿ ಕಣ್ಣೀರಿಟ್ಟು ಅಳಿಸಿದುದಕ್ಕೂ ಅದು ಬೇರೆ ಗುರುತನ್ನು ಇಡುವುದಿಲ್ಲ. ಪಾತಾಳಗರಡಿಯ ಕೊಕ್ಕೆಗಳಿಗೂ ಈ ಭೇದ ತಿಳಿಯದು. ಈ ದಿನ ಬಿದ್ದ ಕೊಡವನ್ನು ಹುಡುಕುವಾಗ ಎಂದೋ ಯಾರೋ ಬೇಕೆಂದೇ ಎಸೆದುದೂ ಕೊಕ್ಕೆಗೆ ಸಿಕ್ಕಿ ಮೇಲೆ ಬರುತ್ತದೆ. ಬಾವಿಯ ಕಟ್ಟೆಯ ಮೇಲೆ ನಿಂತವರೆಲ್ಲರೂ ಅದನ್ನು ನೋಡುತ್ತಾರೆ. ಪಟ್ಟಿಯೇ ಕೆಟ್ಟುಹೋಗಿದ್ದರೂ ತಂತ್ರಾಂಶಗಳು ಸುಮ್ಮನಿರುವುದಿಲ್ಲ. ಚಿತ್ರವೊಂದರ ಒಡಲು ಯಾವ ಸಂಖ್ಯೆಗಳಿಂದ ಮೊದಲಾಗುತ್ತದೆಂಬುದನ್ನು ತಿಳಿದುಕೊಂಡು, ಡಿಸ್ಕಿನ ಮನೆಮನೆಯನ್ನೂ ತಟ್ಟಿ, ಹೆಸರಿಲ್ಲದ ಚಿತ್ರಗಳನ್ನೆಲ್ಲ ಹೊರಕ್ಕೆ ಎಳೆದುಹಾಕುತ್ತವೆ.

ಸೈಮ್ಸನ್ ಗಾರ್ಫಿಂಕೆಲ್, ಅಭಿ ಶೆಲಾಟ್ ಎಂಬ ಇಬ್ಬರು ವಿದ್ವಾಂಸರು ಅಮೆರಿಕದಲ್ಲಿ ೧೫೮ ಹಳೆಯ ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿ ೨೦೦೩ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಅವುಗಳಲ್ಲಿ ೧೨೯ ಓದಲು ಬಂದುವು. ಸರಿಯಾಗಿ ಒರಸಿದ್ದವು ೧೨ ಮಾತ್ರ. ಉಳಿದುವುಗಳಿಂದ ಹೊರಬಿದ್ದುದು ಐದು ಸಾವಿರಕ್ಕೂ ಮಿಕ್ಕ ಕ್ರೆಡಿಟ್ ಕಾರ್ಡಿನ ಸಂಖ್ಯೆಗಳು, ಹಣಕಾಸಿನ ದಾಖಲೆಗಳು, ರೋಗಿಗಳ ವಿವರಗಳು, ರಾಶಿರಾಶಿ ಖಾಸಗಿ ಇ-ಮೇಲುಗಳು. ಮಾರಿದವರಲ್ಲಿ ಹಲವರು ತಾವು ಅಳಿಸಿದ್ದೇವೆಂದೇ ನಂಬಿದ್ದರು. ಅವರು ಅಳಿಸಿದುದು ಹೆಸರನ್ನು.

ಪರರ ಡಿಸ್ಕನ್ನು ಅಗೆಯುವುದು ತಪ್ಪೆಂದು ಒಪ್ಪಿಸುವುದು ಕಷ್ಟವಲ್ಲ. ಕಷ್ಟವಿರುವುದು ತನ್ನ ಮನೆಯಲ್ಲಿ. ಒಬ್ಬ ಹಿರಿಯನು ತೀರಿಕೊಂಡನೆಂದೂ, ವಿಮೆಯ ಕಾಗದವು ಸಿಕ್ಕದೆ ಮಗನು ತಂದೆಯ ಕಂಪ್ಯೂಟರಿನಲ್ಲಿ ಗರಡಿಯನ್ನು ಇಳಿಸಿದನೆಂದೂ ಭಾವಿಸಬಹುದು. ಕಾಗದವು ಸಿಕ್ಕುತ್ತದೆ. ಅದರ ಪಕ್ಕದಲ್ಲಿಯೇ ವೈದ್ಯರ ವರದಿಯೊಂದೂ ಸಿಕ್ಕುತ್ತದೆ. ತಂದೆಯು ತನ್ನ ಕಾಯಿಲೆಯನ್ನು ಮನೆಯವರಿಗೆ ಹೇಳಿದುದಕ್ಕಿಂತ ಎರಡು ವರ್ಷ ಹಿಂದಿನ ತಾರೀಖು ಅದರ ಮೇಲಿದೆ. ಆ ಎರಡು ವರ್ಷಗಳಲ್ಲಿಯೇ ಮಗನ ಓದಿಗೆ ಹಣ ಕಟ್ಟಿದುದು. ಈ ವರದಿಯನ್ನು ಅಳಿಸಿದ ಕೈಯು ತಪ್ಪಿದ ಕೈಯಲ್ಲ. ಈಗ ಮಗನು ಅದನ್ನು ಓದಬಹುದೆ? ತಾಯಿಗೆ ತೋರಿಸಬಹುದೆ? ಸತ್ಯವನ್ನು ತಿಳಿಯುವ ಹಕ್ಕು ಮಕ್ಕಳಿಗಿಲ್ಲವೆ ಎಂದು ಕೇಳುವವರಿದ್ದಾರೆ. ಅವರ ಮಾತು ಹಗುರವಾದುದಲ್ಲ. ಆದರೆ ತಂದೆಯು ಬದುಕಿದ್ದಾಗ ಆ ಹಕ್ಕನ್ನು ಅವನ ಮುಖದ ಮುಂದೆ ಮಂಡಿಸಬಹುದಾಗಿತ್ತು, ಅವನು ಉತ್ತರವನ್ನೂ ಕೊಡಬಹುದಾಗಿತ್ತು. ಈಗ ಉತ್ತರ ಕೊಡುವವನಿಲ್ಲ. ಉತ್ತರ ಕೊಡಲಾರದವನ ಬಾಯಿಂದ ಮಾತು ಹೊರಡಿಸುವುದರಲ್ಲಿ ಏನೋ ಒಂದು ಅನ್ಯಾಯವಿದೆ. ಆ ಮಾತು ನಿಜವಾಗಿದ್ದರೂ ಇದೆ.

ಹಳೆಯದನ್ನು ಹೊರತೆಗೆಯುವುದು ಪುಣ್ಯಕಾರ್ಯವಲ್ಲವೆ ಎಂದು ಸಾಹಿತ್ಯಪ್ರಿಯರು ಆಕ್ಷೇಪಿಸಬಹುದು. ಕನ್ನಡ ನಾಡಿನಲ್ಲಿ ಆ ಮಾತಿಗೆ ಬಲವಾದ ಆಧಾರವೂ ಉಂಟು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದ ಗದ್ಯಲೇಖಕರ ಹೆಸರುಗಳನ್ನು ಹೇಳುತ್ತದೆ. ಅವರ ಕನ್ನಡ ಗ್ರಂಥಗಳಲ್ಲಿ ಒಂದೂ ದೊರೆತಿಲ್ಲ. ಡಿಸ್ಕಿನಲ್ಲಿ ಆಗುವುದಕ್ಕೆ ಇದು ತಲೆಕೆಳಗು: ಅಲ್ಲಿ ಹೆಸರು ಹೋಗಿ ಒಡಲು ಉಳಿಯುತ್ತದೆ, ಇಲ್ಲಿ ಒಡಲು ಹೋಗಿ ಹೆಸರು ಉಳಿದಿದೆ. ದುರ್ವಿನೀತನ ಒಂದು ಓಲೆಗರಿಯು ನಾಳೆ ಯಾವುದೋ ಅಟ್ಟದಲ್ಲಿ ಸಿಕ್ಕಿದರೆ ಅದನ್ನು ಮುಟ್ಟಬೇಡವೆನ್ನುವವರು ಯಾರು? ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆಯ ಓಲೆಗಟ್ಟುಗಳನ್ನು ಹುಡುಕಿ, ೧೯೨೩ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸದೆ ಹೋಗಿದ್ದರೆ ಕನ್ನಡವು ಎಷ್ಟು ಬಡವಾಗುತ್ತಿತ್ತು! ಆದರೆ ಗಮನಿಸಬೇಕಾದುದೊಂದಿದೆ. ಆ ವಚನಗಳನ್ನು ಶರಣರು ಅಳಿಸಿರಲಿಲ್ಲ. ಗೆದ್ದಲು, ಹೊಗೆ, ಕಾಲ, ಮರೆವು ಇವು ಅವುಗಳನ್ನು ಅಳಿಯುವ ಅಂಚಿಗೆ ತಂದಿದ್ದುವು. ಹಳಕಟ್ಟಿಯವರು ಹೋರಾಡಿದುದು ಗೆದ್ದಲಿನೊಡನೆ, ಗೆದ್ದಲಿಗೆ ಅಭಿಪ್ರಾಯವಿಲ್ಲ. ತಂದೆಯ ವರದಿಯನ್ನು ಮೇಲಕ್ಕೆತ್ತಿದ ಮಗನು ಸೆಣಸುತ್ತಿರುವುದು ತಂದೆಯ ಸಂಕಲ್ಪದೊಡನೆ.

ಸಂಕಲ್ಪಕ್ಕೆ ನ್ಯಾಯಸ್ಥಾನಗಳೂ ಈಚೆಗೆ ಬೆಲೆ ಕೊಡತೊಡಗಿವೆ. ಕರ್ಣಾಟಕದ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದು ನಿವೃತ್ತರಾದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ೨೦೧೭ರ ಆಗಸ್ಟಿನಲ್ಲಿ, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪು ಕೊಟ್ಟರು. ಆ ಹಕ್ಕು ಸರಕಾರವನ್ನೂ ದೊಡ್ಡ ಸಂಸ್ಥೆಗಳನ್ನೂ ತಡೆಯಬಹುದು. ಊಟದ ಮನೆಗೂ ಮಲಗುವ ಮನೆಗೂ ನಡುವೆ ಇರುವ ಕಂಪ್ಯೂಟರಿನ ಮುಂದೆ ಮಗನ ಕೈಯನ್ನು ಹಿಡಿಯಲು ಯಾವ ನ್ಯಾಯಾಧೀಶನೂ ಬರುವುದಿಲ್ಲ.

ತೆರೆದು ನೋಡಿದ ಮೇಲೆ ಬೇಕೋ ಬೇಡವೋ ತೀರ್ಮಾನಿಸೋಣವೆಂಬುದು ಸುಲಭವಾಗಿ ತೋಚುವ ದಾರಿ. ಅದು ದಾರಿಯಲ್ಲ, ಕಂಡುದನ್ನು ಕಾಣದಂತೆ ಮಾಡಿಕೊಳ್ಳುವ ಶಕ್ತಿಯು ಮನಸ್ಸಿಗಿಲ್ಲ. ತೆರೆಯುವ ಮೊದಲೇ ಅಳಿದುದು ಯಾವುದು, ಅಳಿಸಿದುದು ಯಾವುದು ಎಂಬುದನ್ನು ಊಹಿಸಬೇಕು. ಊಹೆಗೆ ಆಧಾರಗಳು ಕೆಲವಿವೆ. ೧೯೯೫ರ ವಿಂಡೋಸಿನಲ್ಲಿ ಬಂದ ಕಸದ ಬುಟ್ಟಿಯು, ಕೈ ಮಾಡಿದುದನ್ನು ಮನಸ್ಸು ತಿದ್ದಿಕೊಳ್ಳಲೆಂದು ಕೊಟ್ಟ ಗಡುವು. ಈಗಿನ ವಿಂಡೋಸಿನಲ್ಲಿ ಆ ಬುಟ್ಟಿಯು ಕಡತವು ಎಲ್ಲಿಂದ ಬಂತು, ಯಾವ ಹೊತ್ತಿನಲ್ಲಿ ಬಂತು ಎಂಬುದನ್ನೂ ಬರೆದಿಟ್ಟುಕೊಳ್ಳುತ್ತದೆ. ಒಂದೇ ಗಳಿಗೆಯಲ್ಲಿ ಮುನ್ನೂರು ಚಿತ್ರಗಳು ಒಟ್ಟಿಗೆ ಬಿದ್ದಿದ್ದರೆ ಅದು ಕೈಯ ಕೆಲಸ. ಮುನ್ನೂರನ್ನು ಉಳಿಸಿ ಅವುಗಳ ನಡುವಿನ ಒಂದನ್ನು ಮಾತ್ರ ತೆಗೆದಿದ್ದರೆ ಅದು ಮನಸ್ಸಿನ ಕೆಲಸ. ಬುಟ್ಟಿಗೆ ಹಾಕಿ ಬಿಟ್ಟುದಕ್ಕೂ ಬುಟ್ಟಿಯನ್ನು ಬರಿದು ಮಾಡಿದುದಕ್ಕೂ ಅಂತರವುಂಟು. ಬರಿದು ಮಾಡುವುದೇ ಅಭ್ಯಾಸವಾಗಿ ಹೋದವರೂ ಇದ್ದಾರೆಂಬುದನ್ನು ಮರೆಯಬಾರದು. ಎಲ್ಲಕ್ಕಿಂತ ಮೊದಲು ಕೇಳಬೇಕಾದುದು, ಹುಡುಕುತ್ತಿರುವವನು ಅಳಿಸಿದವನೇ, ಅಥವಾ ಬೇರೆಯವನೇ ಎಂದು. ತಾನೇ ಅಳಿಸಿ ತಾನೇ ಹುಡುಕುವವನು ತನ್ನ ಮನಸ್ಸನ್ನು ಬದಲಾಯಿಸಿಕೊಳ್ಳಬಹುದು. ಅವನ ವಸ್ತು, ಅವನ ಮನಸ್ಸು. ಬೇರೆಯವನಾದರೆ ಬೇಕಾದುದರ ಹೆಸರನ್ನು ಮೊದಲು ಒಂದು ಕಾಗದದ ಮೇಲೆ ಬರೆದುಕೊಂಡು ಗರಡಿಯನ್ನು ಇಳಿಸಲಿ. ವಿಮೆಯ ಕಾಗದ ಸಿಕ್ಕಿದ ಮೇಲೆ ಹಗ್ಗವನ್ನು ಮೇಲಕ್ಕೆ ಎಳೆದುಬಿಡಲಿ.

ಅಳಿಸಿದ ಕಡತಗಳನ್ನು ಎಬ್ಬಿಸುವ ವಿದ್ಯೆಯು ಮನೆಗಳಿಗೆ ಬಂದು ಬಹಳ ಕಾಲವಾಗಿಲ್ಲ. ಪೀಟರ್ ನಾರ್ಟನ್ ಎಂಬವರು ೧೯೮೨ರಲ್ಲಿ ಅಂಥದೊಂದು ತಂತ್ರಾಂಶವನ್ನು ಮಾರಾಟಕ್ಕೆ ತಂದರು, ೧೯೯೧ರ ಎಂ. ಎಸ್. ಡಾಸ್ ೫ರಲ್ಲಿ ಅದೇ ಕೆಲಸದ ಅಪ್ಪಣೆಯೊಂದು ಸೇರಿತು. ಹೆಸರಿನ ಮೊದಲನೆಯ ಅಕ್ಷರವನ್ನು ಯಂತ್ರವೇ ತೆಗೆದುಹಾಕಿದ್ದಿತಷ್ಟೆ. ಆದುದರಿಂದ ಆ ಅಪ್ಪಣೆಯು ಪ್ರತಿಯೊಂದು ಕಡತವನ್ನೂ ತಲೆಯ ಮೇಲೆ ಒಂದು ಪ್ರಶ್ನಾರ್ಥಕ ಚಿಹ್ನೆಯೊಡನೆ ತೋರಿಸಿ, ಅದರ ಮೊದಲನೆಯ ಅಕ್ಷರವಾವುದೆಂದು ಕುಳಿತವನನ್ನು ಕೇಳುತ್ತಿತ್ತು. ಇಟ್ಟವನಿಗೆ ಅದು ನೆನಪಿರುತ್ತಿತ್ತು. ಅರಿಯದವನು ಊಹೆಯಿಂದ ಯಾವುದೋ ಒಂದನ್ನು ಒತ್ತಿದರೂ ಯಂತ್ರವು ಒಪ್ಪಿಕೊಂಡು, ಕಡತವನ್ನು ಆ ಹೊಸ ಹೆಸರಿನಿಂದಲೇ ಎಬ್ಬಿಸಿ ಕೊಡುತ್ತಿತ್ತು. ಈಗಿನ ತಂತ್ರಾಂಶಗಳು ಆ ಪ್ರಶ್ನೆಯನ್ನು ಕೇಳುವುದಿಲ್ಲ. ಹೆಸರು ಉಳಿದಿದ್ದರೆ ಇಡಿಯಾಗಿ ಉಳಿದಿರುತ್ತದೆ. ಒಂದು ಗುಂಡಿಯನ್ನು ಒತ್ತಿದರೆ ಎಲ್ಲವೂ ಸಾಲಾಗಿ ಎದ್ದುಬರುತ್ತವೆ.